ನಾಲ್ಕು ದೇಶದ ಹಡಗು ಪ್ರವಾಸಕ್ಕೆ ಒಯ್ದ ಫಾರೆಕ್ಸ್ ಕಾರ್ಡ್

ಕಾಫಿ ಕೊಯ್ಲು ಮುಗಿಸಿ, ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಇಟಲಿ, ಕ್ರೊಯೇಷಿಯಾ, ಗ್ರೀಸ್, ಟರ್ಕಿ ಸುತ್ತುವ ಹಡಗು ಹತ್ತಿದೆವು. ಹೊರಡುವ ಮೊದಲು ವಿರಾಜಪೇಟೆಯ ಒಂದು ಬ್ಯಾಂಕಿನಲ್ಲಿ ಫಾರೆಕ್ಸ್ ಕಾರ್ಡ್, ಅಂದರೆ ಮೊದಲೇ ವಿದೇಶಿ ದುಡ್ಡು ತುಂಬಿಸಿಟ್ಟು ಹೊರದೇಶದಲ್ಲಿ ಬಳಸುವ ಕಾರ್ಡ್, ಮಾಡಿಸಿ ಯೂರೋ ತುಂಬಿಸಿದ್ದೆ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ತೋರಿಸಿದೆ, ಅರ್ಧ ದಿನದಲ್ಲಿ ಕಾರ್ಡ್ ಕೈಗೆ ಬಂತು. ಆ ಕೆಲಸ ಚೆನ್ನಾಗಿಯೇ ಮಾಡಿಕೊಟ್ಟರು.

ಮೂರು ದೇಶಗಳಲ್ಲಿ ತೊಂದರೆಯೇ ಇಲ್ಲ. ಕ್ರೊಯೇಷಿಯಾ ಕೂಡ 2023ರ ಜನವರಿಯಿಂದ ಯೂರೋಗೆ ಬಂದಿದೆ, ಅಲ್ಲಿನ ಹಳೆಯ ದುಡ್ಡು ಕೂನಾ ಹುಡುಕಬೇಕಾಗಿಲ್ಲ. ಸಿಕ್ಕಿಬಿದ್ದಿದ್ದು ಟರ್ಕಿಯ ಕುಶಾದಾಸಿಯಲ್ಲಿ. ಅಲ್ಲಿ ಲಿರಾ. ನನ್ನ ಕಾರ್ಡಿನಲ್ಲಿ ಲಿರಾ ಇಲ್ಲ, ಹಾಗಾಗಿ ಯೂರೋವನ್ನು ಲಿರಾಗೆ ಬದಲಿಸುವ ಶುಲ್ಕವೆಂದು ಪ್ರತಿ ಖರೀದಿಗೂ 3.5% ಜಾಸ್ತಿ ಹೋಯಿತು. ಬ್ಯಾಂಕಿನವರು ಮೊದಲೇ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಇದು ನನಗೆ ನಿಜಕ್ಕೂ ಬೇಸರ ತಂದಿತು.

ಇನ್ನೊಂದು ವಿಷಯ. ಅಂಗಡಿಯ ಮಿಷನ್ ರೂಪಾಯಿಯಲ್ಲಿ ಕೊಡ್ತೀರಾ ಎಂದು ಕೇಳಿದರೆ ಬೇಡ ಅನ್ನಿ. ಆ ದೇಶದ ದುಡ್ಡನ್ನೇ ಒತ್ತಿ. ರೂಪಾಯಿಯ ದರ ಅವರೇ ಹಾಕುತ್ತಾರೆ, ನಮಗೆ ನಷ್ಟ.

ಹಡಗಿನೊಳಗೆ ನಗದು ನಡೆಯಲ್ಲ, ಹಡಗಿನವರು ಕೊಡುವ ಕ್ಯಾಬಿನ್ (ಕೋಣೆ) ಕಾರ್ಡಿಗೇ ಎಲ್ಲ ಬಿಲ್. ಅದಕ್ಕೆ ಫಾರೆಕ್ಸ್ ಕಾರ್ಡ್ ಜೋಡಿಸಬೇಡಿ. ನಾನು ಜೋಡಿಸಿದೆ. ಖರ್ಚಿಗಿಂತ ಹೆಚ್ಚು ಮೊತ್ತ ತಡೆಹಿಡಿದರು. ಊರಿಗೆ ಬಂದು ವಾರವಾದರೂ ಬಿಡಲಿಲ್ಲ. ಕ್ರೆಡಿಟ್ ಕಾರ್ಡ್ ಕೊಟ್ಟಿದ್ದರೆ ಕೈದುಡ್ಡು ಹೀಗೆ ಸಿಕ್ಕಿಕೊಳ್ಳುತ್ತಿರಲಿಲ್ಲ.

ಚಿಲ್ಲರೆಗೆ ಎಂದು 5, 10 ಯೂರೋ ನೋಟು ಸ್ವಲ್ಪ ಒಯ್ದಿದ್ದೆವು. ಬಸ್ಸಿಗೆ, ಶೌಚಾಲಯಕ್ಕೆ ಅವೇ ಆದವು. ಕಾರ್ಡಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ.