ಅರ್ಧ ಬೆಂಗಳೂರಿನ ಕೊಳದಲ್ಲಿ, ಅರ್ಧ ಹ್ಯಾವ್‌ಲಾಕ್ ಕಡಲಲ್ಲಿ: ಈ ಸ್ಕೂಬಾ ಕೋರ್ಸ್ ತಗೋಬಹುದಾ?

ಸ್ಕೂಬಾದ ಮೊದಲ ಮೆಟ್ಟಿಲಾದ ಓಪನ್ ವಾಟರ್ ಡೈವರ್ ಕೋರ್ಸನ್ನು ಎರಡು ತುಂಡು ಮಾಡಿಯೂ ಮಾರುತ್ತಾರೆ. ಪಾಠ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ, ಅಭ್ಯಾಸ ಬೆಂಗಳೂರಿನ ಯಾವುದೋ ಈಜುಕೊಳದಲ್ಲಿ ಒಂದು ಶನಿವಾರ–ಭಾನುವಾರ, ಉಳಿದ ನಾಲ್ಕು ಡೈವ್ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ. (2018ರಿಂದ ಆ ದ್ವೀಪದ ಸರ್ಕಾರಿ ಹೆಸರು ಸ್ವರಾಜ್ ದ್ವೀಪ. ಫೆರಿ ಟಿಕೆಟ್ ಹುಡುಕುವಾಗ ಎರಡೂ ಹೆಸರು ನೆನಪಿರಲಿ.) ರಜೆ ಕಡಿಮೆ ಇರುವ ಐಟಿ ಮಂದಿಗೆ ಇದು ಒಳ್ಳೆಯ ಏರ್ಪಾಡು. ದ್ವೀಪದ ಎರಡು ದಿನ ಕೊಳದಲ್ಲಿ ಕಳೆದುಹೋಗುವುದಿಲ್ಲ. ಆದರೆ ಕೊಳ ಆಳವಿದ್ದರೆ ಮಾತ್ರ. ನಾಲ್ಕೂವರೆ ಅಡಿಯ ಅಪಾರ್ಟ್‌ಮೆಂಟ್ ಕೊಳದಲ್ಲಿ ಕಲಿಸುತ್ತೇವೆ ಅಂದರೆ ಅಡ್ವಾನ್ಸ್ ಕೊಡಬೇಡಿ, ಇಡೀ ಕೋರ್ಸನ್ನು ದ್ವೀಪದಲ್ಲೇ ಮಾಡಿ.

ಆಳಕ್ಕೆ ಇಷ್ಟು ಒತ್ತು ಏಕೆಂದರೆ, ಎದೆಮಟ್ಟದ ನೀರಿನಲ್ಲಿ ಗಾಬರಿಯಾದವರು ಎದ್ದು ನಿಂತುಬಿಡುತ್ತಾರೆ. ಮಾಸ್ಕ್ ಒಳಗೆ ನೀರು ಬಂದಾಗ ಎದ್ದು ನಿಲ್ಲುವ ಅಭ್ಯಾಸ ಕಲಿತವರಿಗೆ ಕಡಲಲ್ಲಿ 10 ಮೀಟರ್ ಕೆಳಗೆ ನಿಲ್ಲಲು ನೆಲವಿಲ್ಲ. ಕಿವಿಯ ಒತ್ತಡ ಸರಿಮಾಡಿಕೊಳ್ಳುವುದೂ ಅಲ್ಲಿ ಕಲಿಯಲಾಗದು. ಸರಿಮಾಡಿಕೊಳ್ಳದಿದ್ದರೆ ಎರಡು–ಮೂರು ಮೀಟರ್‌ಗೇ ಕಿವಿ ನೋಯತೊಡಗುತ್ತದೆ. ಕೊಳದ ಒಂದು ತುದಿಯಾದರೂ 3 ಮೀಟರ್ ಇದೆಯೇ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಲಿ. ಎರಡನೆಯದು, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ಕಡಲ ಡೈವ್‌ಗಳಿಗೆ ಪ್ಯಾಡಿ (ಡೈವರ್‌ಗಳಿಗೆ ಕಾರ್ಡ್ ಕೊಡುವ ಸಂಸ್ಥೆ, PADI) ನಿಯಮ 8 ಜನರವರೆಗೆ ಬಿಡುತ್ತದೆ. ನಿಯಮದ ಮಾತು ಅದು. ಕಲಿಯುವ ಲೆಕ್ಕದಲ್ಲಿ ನಾಲ್ಕಕ್ಕಿಂತ ಹೆಚ್ಚಿದ್ದರೆ ನಿಮ್ಮ ಸರದಿ ಕಾಯುವುದೇ ಕೆಲಸ. ಡಿಸೆಂಬರ್ ಬೆಳಗಿನ ಏಳು ಗಂಟೆಗೆ, ಬಿಸಿ ಮಾಡದ ಕೊಳದಲ್ಲಿ ಆ ಕಾಯುವಿಕೆ ಹಲ್ಲು ಕಟಕಟಿಸುತ್ತದೆ. 3 ಮಿ.ಮೀ. ವೆಟ್‌ಸೂಟ್ ಕೊಳಕ್ಕೂ ಕೊಡುತ್ತಾರೆಯೇ ಕೇಳಿ.

'ಈಜು ಬಾರದವರಿಗೂ ಸ್ಕೂಬಾ' ಎಂಬ ಜಾಹೀರಾತು ಸುಳ್ಳಲ್ಲ, ಆದರೆ ಅದು ಈ ಕೋರ್ಸಿನ ಬಗ್ಗೆ ಹೇಳಿದ್ದಲ್ಲ. ಇನ್‌ಸ್ಟ್ರಕ್ಟರ್ ಸಿಲಿಂಡರ್ ಹಿಡಿದುಕೊಂಡು ಸುತ್ತಾಡಿಸುವ ಒಂದು ಸಲದ ಡೈವ್‌ಗೆ ಈಜು ಬೇಡ, ಅದರ ಆಳದ ಮಿತಿ 12 ಮೀಟರ್. ಓಪನ್ ವಾಟರ್ ಕಾರ್ಡ್ ಬೇಕಿದ್ದರೆ ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಯಾವ ಶೈಲಿಯಾದರೂ ಸರಿ, ಸಮಯದ ಗಡುವಿಲ್ಲ. 25 ಮೀಟರ್ ಕೊಳದಲ್ಲಿ ಎಂಟು ಉದ್ದ. ಬಡಾವಣೆಯ ಕೊಳದಲ್ಲಿ ಒಂದು ತಿಂಗಳು ಬೆಳಗ್ಗೆ ಹೋಗಿ ಇದನ್ನು ಮೊದಲೇ ಮುಗಿಸಿಕೊಳ್ಳಿ. ಪರೀಕ್ಷೆಯ ದಿನ ಕಲಿಯುವ ವಿಷಯ ಇದಲ್ಲ.

ಆರೋಗ್ಯದ ಫಾರ್ಮ್ ಬುಕಿಂಗ್‌ಗೂ ಮುಂಚೆ ತರಿಸಿಕೊಳ್ಳಿ. ಮೊದಲ ಪುಟದಲ್ಲಿ ಹತ್ತು ಪ್ರಶ್ನೆ. 'ಹೌದು' ಎಂದ ಉತ್ತರಕ್ಕೆ ತಕ್ಕಂತೆ ಡಾಕ್ಟರ ಸಹಿ ಬೇಕಾಗಬಹುದು. ಧೂಳು, ಪರಾಗ, ಅಲರ್ಜಿ, ವೀಸಿಂಗ್ ಅಂತ ಇನ್‌ಹೇಲರ್ ಇಟ್ಟುಕೊಂಡವರು ಈ ಊರಿನಲ್ಲಿ ಕಡಿಮೆಯೇನಲ್ಲ, ಆಸ್ತಮಾ ಆ ಪಟ್ಟಿಯಲ್ಲಿದೆ. ಸಹಿಯನ್ನು ಬೆಂಗಳೂರಿನಲ್ಲೇ ಮಾಡಿಸಿ. ದ್ವೀಪಕ್ಕೆ ಹೋಗಿ ನಿಜ ಬರೆದರೆ ದೋಣಿ ಹತ್ತಿಸುವುದಿಲ್ಲ, ಸುಳ್ಳು ಬರೆದರೆ ಹತ್ತಬಾರದ ದೋಣಿ ಹತ್ತಿದ ಹಾಗೆ. ಆಸ್ತಮಾದಿಂದ ಶ್ವಾಸಕೋಶದ ಒಂದು ಮೂಲೆಯಲ್ಲಿ ಸಿಕ್ಕಿಕೊಂಡ ಗಾಳಿ 10 ಮೀಟರ್‌ನಿಂದ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗಲು ನೋಡುತ್ತದೆ. ಉಸಿರು ಎಂದೂ ಹಿಡಿಯಬಾರದು ಎಂಬ ಮೊದಲ ಪಾಠದ ಕಾರಣವೂ ಇದೇ.

ಕೊಳದ ದಿನಗಳ ಗುಣಮಟ್ಟವನ್ನು ಅಳೆಯಲು ಮಾಸ್ಕ್ ಅಭ್ಯಾಸ ಹೇಗೆ ಮಾಡಿಸುತ್ತಾರೆ ನೋಡಿ. ನೀರು ತುಂಬಿದ ಮಾಸ್ಕ್ ಖಾಲಿ ಮಾಡಲು ಮೇಲಿನ ಅಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಉಸಿರು ಬಿಡುತ್ತಾ ನಿಧಾನ ತಲೆ ಎತ್ತಬೇಕು. ತಪ್ಪುವುದು ಮೂರು ಕಡೆ: ಬಾಯಿಂದ ಉಸಿರು ಬಿಡುತ್ತಾರೆ, ಉಸಿರು ಬಿಡುವ ಮೊದಲೇ ತಲೆ ಎತ್ತಿ ಮೂಗಿಗೆ ನೀರು ತಂದುಕೊಳ್ಳುತ್ತಾರೆ, ಇಲ್ಲವೇ ಕೆಳ ಅಂಚನ್ನು ಅಗಲ ತೆರೆದು ಮತ್ತಷ್ಟು ನೀರು ಒಳಗೆ ಬಿಡುತ್ತಾರೆ. ಒಳ್ಳೆಯ ಇನ್‌ಸ್ಟ್ರಕ್ಟರ್ ಮಾಸ್ಕ್ ಪೂರಾ ತೆಗೆಸಿ ಒಂದು ನಿಮಿಷ ಬರೀ ಬಾಯಲ್ಲಿ ಉಸಿರಾಡಿಸುತ್ತಾರೆ. ಅದಾದ ಮೇಲೆ ಭಯದ ಅರ್ಧ ಪಾಲು ಹೋಯಿತು. ಮೀಸೆ ಇರುವವರಿಗೆ ಮೂಗಿನ ಕೆಳಗೆ ನೀರು ಜಿನುಗುವುದು ಗ್ಯಾರಂಟಿ. ಮಾಸ್ಕಿನ ಅಂಚು ಕೂರುವ ಜಾಗದಲ್ಲಿ ಒಂದು ಗೆರೆ ಬೋಳಿಸಿದರೆ ಸಾಕು, ಮೀಸೆ ತೆಗೆಯಬೇಕಿಲ್ಲ. ಕನ್ನಡಕದವರು ಪವರ್ ಮಾಸ್ಕ್ ಬಾಡಿಗೆಗೆ ಇದೆಯೇ ಎಂದು ನಂಬರ್ ಸಮೇತ ಮೊದಲೇ ತಿಳಿಸಿ. ಈಜುವ ಗಾಗಲ್ಸ್ ನಡೆಯದು, ಅದರೊಳಗೆ ಮೂಗಿಲ್ಲದ ಕಾರಣ ಒತ್ತಡ ಸರಿಮಾಡಲಾಗದೆ ಕಣ್ಣು ಹೀರಿ ಹಿಡಿಯುತ್ತದೆ. ಹೊಸ ಮಾಸ್ಕ್ ಕೊಂಡರೆ ಒಳಗಾಜಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಕಾರ್ಖಾನೆಯ ಪದರ ಹೋಗುವವರೆಗೆ ಮಂಜು ಕಟ್ಟುತ್ತಲೇ ಇರುತ್ತದೆ.

ಸಾಮಾನು ಜೋಡಿಸುವುದನ್ನು ಅವರೇ ಮಾಡಿ ಕೊಟ್ಟರೆ ಬೇಡ ಅನ್ನಿ, ಅದೂ ಕೋರ್ಸಿನ ಭಾಗ. ಬಿಸಿಡಿಯ (ಗಾಳಿ ತುಂಬಿ ತೇಲು–ಮುಳುಗನ್ನು ಹಿಡಿತದಲ್ಲಿಡುವ ಜಾಕೆಟ್) ಪಟ್ಟಿಯನ್ನು ನೀರಲ್ಲಿ ನೆನೆಸಿ ಸಿಲಿಂಡರ್‌ಗೆ ಬಿಗಿಯಬೇಕು. ಒಣಪಟ್ಟಿ ನೆನೆದ ಮೇಲೆ ಹಿಗ್ಗಿ ಸಿಲಿಂಡರ್ ಜಾರುತ್ತದೆ. ವಾಲ್ವ್ ಬಾಯಿಯ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಸೀಳಿಲ್ಲವೆಂದು ನೋಡಿ, ಉಸಿರಾಡುವ ರೆಗ್ಯುಲೇಟರ್ ಕೂರಿಸಿ, ಒತ್ತಡ ತೋರಿಸುವ ಗೇಜಿನ ಮುಖವನ್ನು ಆಚೆ ತಿರುಗಿಸಿ ವಾಲ್ವ್ ಪೂರ್ತಿ ತೆರೆಯಿರಿ. ಸುಸ್ ಅಂದರೆ ಮುಕ್ಕಾಲು ಪಾಲು ಓ-ರಿಂಗಿನದೇ ತಂಟೆ. ಆಮೇಲೆ ಗೇಜ್ ನೋಡುತ್ತಾ ನಾಲ್ಕು ಉಸಿರು ಜೋರಾಗಿ ಎಳೆಯಿರಿ. ಮುಳ್ಳು ಇಳಿದು ಏರಿ ಕುಣಿದರೆ ವಾಲ್ವ್ ಅರೆತೆರೆದಿದೆ ಎಂದರ್ಥ. ಮೇಲೆ ಉಸಿರು ಸಿಗುತ್ತದೆ, ಆಳದಲ್ಲಿ ಸಿಗುವುದಿಲ್ಲ.

ಮುಳುಗಲೆಂದು ಕೊಳದಲ್ಲಿ ಕಟ್ಟಿದ್ದ ಸೀಸದ ತೂಕವನ್ನೇ ಕಡಲಿಗೆ ಬರೆದುಕೊಂಡು ಹೋಗುವುದು ಈ ಎರಡು ತುಂಡಿನ ಕೋರ್ಸಿನ ಖಾಸಾ ಎಡವಟ್ಟು. ಉಪ್ಪುನೀರು ಸುಮಾರು ಶೇ. 2.5 ಹೆಚ್ಚು ಸಾಂದ್ರ. ನೀವು, ನಿಮ್ಮ ಸಾಮಾನು ಸೇರಿ 100 ಕೆ.ಜಿ. ಇದ್ದರೆ ಕಡಲಲ್ಲಿ ಎರಡೂವರೆ ಕೆ.ಜಿ. ಹೆಚ್ಚು ಬೇಕು. ಸಿಲಿಂಡರಿನ ಗಾಳಿಗೂ ತೂಕವಿದೆ. ಅದರ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿಯುವಷ್ಟರಲ್ಲಿ ಸುಮಾರು 2 ಕೆ.ಜಿ. ಹಗುರಾಗಿ, ಡೈವಿನ ಕೊನೆಗೆ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕಾದಾಗ ಬೆಲೂನಿನಂತೆ ಮೇಲೇಳುತ್ತೀರಿ. ಹಾಗೆಂದು ಕಂಡಾಪಟ್ಟೆ ಸೀಸ ಕಟ್ಟುವ ಅಂಗಡಿಗಳೂ ಇವೆ. ಮುಳುಗಿಸುವುದು ಸುಲಭವಾಗುತ್ತದೆ, ಮೊಣಕಾಲು ಹವಳಕ್ಕೆ ಬಡಿಯುತ್ತದೆ.

ಕಡಲ ನಾಲ್ಕು ಡೈವ್‌ಗಳಲ್ಲಿ ಮೊದಲ ಎರಡು 12 ಮೀಟರ್‌ವರೆಗೆ, ಕೊನೆಯ ಎರಡು 18ರವರೆಗೆ. ನೀರು ಬೆಚ್ಚಗೆ, ನೀಮೋ ರೀಫ್‌ನಂಥ ತಿಳಿ ಜಾಗಗಳಲ್ಲಿ ದಡದಿಂದಲೇ ಆರಂಭ. 11 ಲೀಟರಿನ ಸಿಲಿಂಡರ್‌ನಲ್ಲಿ 50 ಬಾರ್ ಉಳಿಸಿ ಬಳಸಿದರೆ ಸುಮಾರು 1,650 ಲೀಟರ್ ಗಾಳಿ. ಹೊಸಬರು 10 ಮೀಟರ್‌ನಲ್ಲಿ ನಿಮಿಷಕ್ಕೆ 45 ಲೀಟರ್ ಎಳೆದರೆ 35 ನಿಮಿಷದ ಆಸುಪಾಸು. ಅಷ್ಟರಲ್ಲೇ ಮೇಲೆ ಕರೆತಂದರೆ ಮೋಸವಾಯಿತೆಂದು ಜಗಳಕ್ಕೆ ನಿಲ್ಲಬೇಡಿ. ಕಿವಿಯನ್ನು ನೋವು ಬಂದ ಮೇಲಲ್ಲ, ನೀರಿನ ಮೇಲೇ ಶುರುಮಾಡಿ ಪ್ರತಿ ಅರ್ಧ ಮೀಟರ್‌ಗೆ ಮೂಗು ಹಿಡಿದು ಮೆಲ್ಲಗೆ ಊದಿ ತೆರೆಯಬೇಕು. ತೆರೆಯದಿದ್ದರೆ ಸ್ವಲ್ಪ ಮೇಲೆ ಬನ್ನಿ, ಜೋರು ಮಾಡಬೇಡಿ. ನೆಗಡಿಯಿದ್ದರೆ ಡೈವ್ ಇಲ್ಲ. ಮಾತ್ರೆ ನುಂಗಿ ಇಳಿದವರಿಗೆ ಅದರ ಪ್ರಭಾವ ಕೆಳಗೇ ಮುಗಿದರೆ ಬರುವಾಗ ಕಿವಿ ಕಟ್ಟುತ್ತದೆ.

ಪ್ಯಾಕೇಜಿನ ನಿಜವಾದ ದೌರ್ಬಲ್ಯ ದಿನದ ಲೆಕ್ಕ. ಸತತ ದಿನಗಳ ಡೈವ್ ನಂತರ ವಿಮಾನ ಹತ್ತಲು 18 ಗಂಟೆ ಬೇಕು. ಗುರುವಾರ ಪೋರ್ಟ್ ಬ್ಲೇರ್ (ಈಗಿನ ಸರ್ಕಾರಿ ಹೆಸರು ಶ್ರೀ ವಿಜಯಪುರಂ) ತಲುಪಿ, ಅಂದೇ ಫೆರಿ ಹಿಡಿದು, ಶುಕ್ರ–ಶನಿ ತಲಾ ಎರಡು ಡೈವ್, ಶನಿವಾರ ಮಧ್ಯಾಹ್ನ 12ಕ್ಕೆ ಕೊನೆಯದು ಮುಗಿದರೆ ಭಾನುವಾರದ ವಿಮಾನಕ್ಕೆ ತೊಂದರೆಯಿಲ್ಲ. ಆದರೆ ಒಂದು ದಿನ ಗಾಳಿ ಎದ್ದು ಫೆರಿ ನಿಂತರೆ ಲೆಕ್ಕವೆಲ್ಲ ಕುಸಿಯುತ್ತದೆ. ಐದು ದಿನ ಇಟ್ಟುಕೊಳ್ಳಿ, ನವೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ.

ಅಷ್ಟು ದಿನವೂ ಇಲ್ಲ, ವಿಮಾನದ ದುಡ್ಡೂ ಬೇಡ ಅನ್ನುವವರಿಗೆ ಮುರ್ಡೇಶ್ವರದಿಂದ ಹೋಗುವ ನೇತ್ರಾಣಿ ದ್ವೀಪ ಇದೆ. ಮಳೆಗಾಲದಲ್ಲಿ ಬಂದ್. ರಾತ್ರಿ ಹೊರಟರೆ ಬೆಳಗ್ಗೆ ಕರಾವಳಿ, ಆಮೇಲೆ ದೋಣಿಯಲ್ಲಿ ಒಂದು ಗಂಟೆಗೂ ಮೀರಿದ ಕುಲುಕಾಟ. ನೀರಿನ ತಿಳಿತನ ದಿನಕ್ಕೊಂದು ತರಹ. ಸೆಳೆತ ಇರುವ ದಿನ ಹೊಸಬರಿಗೆ ಹ್ಯಾವ್‌ಲಾಕ್‌ನಷ್ಟು ಸಲೀಸಲ್ಲ.

ದರ ಹೋಲಿಸುವಾಗ ದೊಡ್ಡ ಅಂಕಿಯೊಂದನ್ನೇ ನೋಡಬೇಡಿ. ಆನ್‌ಲೈನ್ ಪಾಠ, ಕಾರ್ಡಿನ ಶುಲ್ಕ, ಕೊಳದ ಪ್ರವೇಶ, ಕಡಲಲ್ಲಿ ಸಾಮಾನಿನ ಬಾಡಿಗೆ, ಜಿಎಸ್‌ಟಿ, ಯಾವುದು ಸೇರಿದೆ ಯಾವುದು ಹೊರಗೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ಒಂದು ಅಭ್ಯಾಸ ಕೊಳದಲ್ಲಿ ಬಾರದಿದ್ದರೆ ಮತ್ತೊಂದು ಬೆಳಗ್ಗೆ ಪುಕ್ಕಟೆಯೋ ಇಲ್ಲವೋ ಎಂಬುದೂ ಅದರಲ್ಲಿರಲಿ. ಕೊಳ ಮುಗಿದ ದಿನ ರೆಫರಲ್ ಫಾರ್ಮ್‌ನಲ್ಲಿ (ಕೊಳದ ಭಾಗ ಮುಗಿದಿದೆ ಎಂದು ದ್ವೀಪದವರಿಗೆ ತೋರಿಸುವ ಹಾಳೆ) ಪ್ರತಿ ಅಭ್ಯಾಸಕ್ಕೂ ಇನ್‌ಸ್ಟ್ರಕ್ಟರ್ ಸಹಿ, ದಿನಾಂಕ ಬಿದ್ದಿದೆಯೇ ನೋಡಿ. ಪ್ಯಾಡಿಯಲ್ಲಿ ಅದು 12 ತಿಂಗಳು ನಡೆಯುತ್ತದೆ. ಮೂಲ ಹಾಳೆ ಮತ್ತು ಡಾಕ್ಟರ ಸಹಿಯ ಫಾರ್ಮ್ ಎರಡನ್ನೂ ಕೈಚೀಲದಲ್ಲಿ ಒಯ್ಯಿರಿ. ದ್ವೀಪದಲ್ಲಿ ನೆಟ್‌ವರ್ಕ್ ಕೈಕೊಟ್ಟ ದಿನ ವಾಟ್ಸಾಪ್‌ನಲ್ಲಿರುವ ಪ್ರತಿ ತೆರೆಯುವುದಿಲ್ಲ.