ಚಾರಣದ ಬುತ್ತಿಗೆ ಯಾವುದು ವಾಸಿ? ಅವಲಕ್ಕಿ, ನೂಡಲ್ಸ್, ರೆಡಿಮೇಡ್ ಪೊಟ್ಟಣ, ನೇಂದ್ರ ಚಿಪ್ಸ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೆಳು ಅವಲಕ್ಕಿಗೆ. ಜೊತೆಗೆ ಬೆಲ್ಲದ ಪುಡಿ, ಹುರಿದ ನೆಲಕಡಲೆ, ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಹಲಸಿನ ಬೆರಟಿ (ಹಣ್ಣನ್ನು ಬೆಲ್ಲದ ಜೊತೆ ಕಾಯಿಸಿ ಗಟ್ಟಿ ಮಾಡಿದ್ದು). ಉತ್ತರಾಖಂಡದ ಹರ್ ಕಿ ದೂನ್ ಕಣಿವೆಗೆ ಚಾರಣ ಹೋದಾಗ ಅವಲಕ್ಕಿ, ನೂಡಲ್ಸ್, ಪೊಟ್ಟಣ, ಚಿಪ್ಸ್ ನಾಲ್ಕೂ ನನ್ನ ಬ್ಯಾಗಿನಲ್ಲಿತ್ತು.

ರೆಡಿಮೇಡ್ ರಾಜ್ಮಾ ರುಚಿಗೆ ಪರವಾಗಿಲ್ಲ. ಆದರೆ ಆ ಪೊಟ್ಟಣದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ದಾರಿಯುದ್ದ ತೊರೆ ಹರಿಯುವ ಕಣಿವೆಗೆ ಕಾಸರಗೋಡಿನಿಂದ ನೀರು ಹೊತ್ತುಕೊಂಡು ಹೋಗುವುದು ಯಾಕೆ? ತಿಂದ ಮೇಲೆ ಜಿಡ್ಡು ಹಿಡಿದ ಪೊಟ್ಟಣವನ್ನೂ ವಾಪಸ್ ತರಬೇಕು.

ನೂಡಲ್ಸ್ ಹಗುರ, ಬಿಸಿಬಿಸಿ, ಆದರೆ ಒಲೆ ಬೇಕು. ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಿ ಒಯ್ಯುವ ಹಾಗಿಲ್ಲ, ಹಾಗಾಗಿ ದಿಲ್ಲಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ಹತ್ತುವ ನಮ್ಮಂಥವರು ಅದನ್ನು ಡೆಹ್ರಾಡೂನಿನಲ್ಲೇ ಹುಡುಕಬೇಕು. ಕುಚ್ಚಲಕ್ಕಿ ಗಂಜಿಯ ಆಸೆಯಂತೂ ಬೇಡವೇ ಬೇಡ. 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಆ ಅಕ್ಕಿ ಬೇಯುವಷ್ಟರಲ್ಲಿ ಗ್ಯಾಸ್ ಖಾಲಿ.

ಇನ್ನು ನೇಂದ್ರ ಬಾಳೆಕಾಯಿಯ ಚಿಪ್ಸ್. ಲೆಕ್ಕದ ಪ್ರಕಾರ ಗೆಲ್ಲಬೇಕಾದ್ದು ಇದೇ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ ಬರೀ 4. ಅಂದರೆ ಎಣ್ಣೆಯಲ್ಲಿ ಕರಿದದ್ದನ್ನು ಹೊತ್ತರೆ ಭಾರ ಕಡಿಮೆ, ಶಕ್ತಿ ಜಾಸ್ತಿ. ರೈಲಿನಲ್ಲಿ ಗರಿಗರಿಯಾಗಿ ಚೆನ್ನಾಗಿಯೇ ಇತ್ತು.

ತೊಂದರೆ ಶುರುವಾದದ್ದು ಓಸ್ಲಾ ಊರು ದಾಟಿ ಚಳಿ ಏರಿದ ಮೇಲೆ. ನಮ್ಮೂರಿನ ಚಿಪ್ಸ್ ತೆಂಗಿನೆಣ್ಣೆಯದು, ಅಲ್ವಾ? ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಊರಿನಲ್ಲಿ ಇದು ಗೊತ್ತಾಗುವುದು ಡಿಸೆಂಬರಿನ ಬೆಳಗ್ಗೆ ಬಾಟಲಿ ಮಗುಚಿದಾಗ ಮಾತ್ರ. ಅಲ್ಲಿ ಪ್ರತಿಯೊಂದು ಚಿಪ್ಸಿಗೂ ಬಿಳಿ ಪದರ, ಬಾಯಿಗೆ ಹಾಕಿದರೆ ಮೇಣದ ಹಾಗೆ ಅಂಗುಳಕ್ಕೆ ಅಂಟುತ್ತದೆ. ಮೊದಲೇ ಏದುಸಿರು, ಬಾಯಿ ಒಣಗಿರುತ್ತದೆ, ತಣ್ಣೀರು ಕುಡಿದರೆ ಅದು ಇನ್ನೂ ಗಟ್ಟಿ. ಜಾಕೆಟ್ಟಿನ ಒಳಗೆ ಇಟ್ಟು ಬೆಚ್ಚಗೆ ಮಾಡಿದರೆ ಎಲ್ಲ ಪುಡಿಪುಡಿ, ಎಣ್ಣೆ ಅಂಗಿಗೆ. ಹಸಿವಿದ್ದೂ ತಿನ್ನಲಾಗದ ತಿನಿಸು ಎಷ್ಟು ಹಗುರವಾಗಿದ್ದರೇನು?

ಇದೇ ಕಾರಣಕ್ಕೆ ಅವಲಕ್ಕಿಗೂ ತೆಂಗಿನೆಣ್ಣೆ ಒಗ್ಗರಣೆ ಹಾಕಬೇಡಿ. ಸುಮ್ನೆ ಹುರಿದರೆ ಸಾಕು. ಕೊಬ್ಬಿನ ಪಾಲಿಗೆ ನೆಲಕಡಲೆ ಇದೆಯಲ್ಲ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ, ಆ ಚಳಿಯಲ್ಲೂ ಬಾಯಿಗೆ ಮೆತ್ತಿಕೊಳ್ಳಲಿಲ್ಲ. ಬೆರಟಿ ಕಲ್ಲಾಗುತ್ತದೆ, ಮನೆಯಲ್ಲೇ ಸಣ್ಣ ತುಂಡು ಮಾಡಿಕೊಳ್ಳಿ.

ಅವಲಕ್ಕಿಗೆ ತಣ್ಣೀರು ಚಿಮುಕಿಸಿ ಐದು ನಿಮಿಷ ಬಿಟ್ಟರೆ ಊಟ ರೆಡಿ. ಆದರೆ ಒಲೆ ಇಲ್ಲ ಎಂದರೆ ನೀರು ಕುದಿಸುವುದೂ ಇಲ್ಲ. ತೊರೆಯ ಮೇಲ್ಗಡೆ ಕುರಿಗಳು ಮೇಯುತ್ತಿರುತ್ತವೆ. ಕ್ಲೋರಿನ್ ಮಾತ್ರೆ ಹಾಕಿ ಕನಿಷ್ಠ ಅರ್ಧ ಗಂಟೆ ಕಾದೇ ಬಳಸಿ.

ಒಂದು ರೆಡಿಮೇಡ್ ಪೊಟ್ಟಣದ ದುಡ್ಡಿಗೆ ಒಂದು ಕಿಲೋ ಅವಲಕ್ಕಿ ಬರುತ್ತದೆ. ರಾತ್ರಿ ಬಿಸಿ ಊಟ ಬೇಕೇ ಬೇಕು ಎನ್ನುವವರು, ಒಲೆ ಹೊರಲು ಜೊತೆಗಾರರಿರುವವರು ನೂಡಲ್ಸ್ ಒಯ್ಯಲಿ. ಒಬ್ಬಳೇ ನಡೆಯುವ, ಬೆಳಗ್ಗೆ ಬೇಗ ಹೊರಡುವ ನನಗೆ ಅವಲಕ್ಕಿಯೇ ಸರಿ. ಚಿಪ್ಸ್ ರೈಲಿನಲ್ಲೇ ಮುಗಿಸಿಬಿಡಿ.