ಹಳೇ ಮನೆಗೆ ಹೊಸ ಬಣ್ಣ ಕಂಡರೆ ಒಂದು ಮಳೆ ಕಾಯಿರಿ

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನಾವು ಮನೆ ಕೊಂಡದ್ದು ಮಾರ್ಚ್ ತಿಂಗಳಲ್ಲಿ. ಸರಿಯಾಗಿ ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಬಾಗಿಲು ತೆಗೆದ ಕೂಡಲೇ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. "ನಿಮಗೋಸ್ಕರ ಅಂತಲೇ ಪೇಂಟ್ ಮಾಡಿಸಿದ್ದಾರೆ ಸಾರ್, ನೀವು ಬಂದು ಹಾಲು ಉಕ್ಕಿಸೋದೊಂದೇ ಬಾಕಿ" ಅಂದ ಬ್ರೋಕರ್. ನಾನು ಹಿಗ್ಗಿದೆ. ಮಾರಿ ಕೈತೊಳೆದುಕೊಳ್ಳುವ ಮನೆಗೆ ಯಾರಾದರೂ ಕೈಯಿಂದ ದುಡ್ಡು ಹಾಕಿ ಬಣ್ಣ ಹೊಡೆಸುತ್ತಾರಾ, ಹೊಡೆಸಿದರೆ ಯಾಕೆ ಅನ್ನುವ ಪ್ರಶ್ನೆ ಆ ದಿನ ತಲೆಗೆ ಬರಲೇ ಇಲ್ಲ. ಹತ್ತೊಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, ಗೋಡೆಗೆ ಮೊಳೆ ಹೊಡೆಯಲೂ ಓನರ್ ಅನುಮತಿ ಕೇಳಿದವನಿಗೆ ಸ್ವಂತ ಮನೆ ಅಂದರೆ ಬುದ್ಧಿ ಮಂಕಾಗುತ್ತದೆ.

ಮನೆ 1940ರ ದಶಕದ್ದು. ಹದಿನಾಲ್ಕು ಇಂಚಿನ ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ಹಿಂದಿನ ಅಡುಗೆಮನೆ, ಬಚ್ಚಲಿಗೆ ಮಂಗಳೂರು ಹೆಂಚು. ಹಾಲ್ ಮತ್ತು ಎರಡು ಕೋಣೆಗಳಿಗೆ ಮದ್ರಾಸ್ ತಾರಸಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ತೇಗದ ಜಂತೆಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹರಡಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ದಿನಗಟ್ಟಲೆ ಮರದ ಕೊಡತಿಯಲ್ಲಿ ಬಡಿದು ಗಟ್ಟಿ ಮಾಡುತ್ತಾರೆ. ಚೆನ್ನಾಗಿ ನೋಡಿಕೊಂಡರೆ ನೂರು ವರ್ಷ ಬಾಳುವ ಸೂರು. ಆದರೆ ನಮ್ಮ ಹಾಲ್‌ನಲ್ಲಿ ಜಂತೆ ಕಾಣುತ್ತಲೇ ಇರಲಿಲ್ಲ. ಕೆಳಗೆ ಬೆಳ್ಳಗೆ ಪಿಓಪಿ ಫಾಲ್ಸ್ ಸೀಲಿಂಗ್, ಸುತ್ತ ನೀಲಿ ಎಲ್‌ಇಡಿ ಲೈಟು. ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಸ್ವಿಚ್ಚುಗಳೆಲ್ಲ ಹೊಚ್ಚ ಹೊಸ ಮಾಡ್ಯುಲರ್. ಹಳೇದು ಕಣ್ಣಿಗೆ ಬೀಳುವ ಜಾಗ ಒಂದನ್ನೂ ಬಿಟ್ಟಿರಲಿಲ್ಲ.

ಮೇ ತಿಂಗಳ ಎರಡು ಜೋರು ಮಳೆಗೆ ಹಾಲ್‌ನ ಮೂಲೆಯಲ್ಲಿ ಚಹಾ ಚೆಲ್ಲಿದ ಹಾಗೆ ಒಂದು ಕಲೆ ಬಂತು. ಜುಲೈನ ಜಿಟಿಜಿಟಿ ಮಳೆ ಹಿಡಿದ ಮೇಲೆ ಗೋಡೆಯ ಬುಡದಲ್ಲಿ ಬಣ್ಣ ಬೊಕ್ಕೆ ಎದ್ದಿತು. ಬೆರಳಿಟ್ಟರೆ ಹಪ್ಪಳದಂತೆ ಮುರಿದು ಒಳಗಿಂದ ಬಿಳಿ ಹಿಟ್ಟು ಉದುರುತ್ತಿತ್ತು. ಅಮ್ಮ ದಿನಾ ಬೆಳಿಗ್ಗೆ ರಂಗೋಲಿ ಹಾಕುವ ಮುಂಚೆ ಆ ಹಿಟ್ಟು ಗುಡಿಸುತ್ತಿದ್ದಳು. ಬೀರುವಿನ ಹಿಂದೆ ಇಟ್ಟಿದ್ದ ಮದುವೆ ಆಲ್ಬಮ್‌ಗೆ ಬೂಸ್ಟು ಬಂತು. ಮಾರಿದವರಿಗೆ ಫೋನ್ ಮಾಡಿದರೆ, "ನೀವು ನೋಡಿಯೇ ತಗೊಂಡ್ರಲ್ಲ ಸಾರ್" ಅಂದರು. ಸುಳ್ಳಲ್ಲ, ನೋಡಿಯೇ ತೆಗೆದುಕೊಂಡದ್ದು. ಬಣ್ಣವನ್ನು ನೋಡಿ.

ಇಲ್ಲಿಯವರೆಗಿನದು ಬೇರೆಯವರು ನನಗೆ ಮಾಡಿದ್ದು. ಇನ್ನು ನಾನೇ ಮಾಡಿಕೊಂಡದ್ದು ಕೇಳಿ. ಈ ಬರಹ ಬರೆಯುತ್ತಿರುವುದೇ ಅದಕ್ಕೆ.

ಪರಿಚಯದವರು ಒಬ್ಬ ಕಂಟ್ರಾಕ್ಟರನ್ನು ಕಳಿಸಿದರು. ಆತ ಗೋಡೆ ಕುಟ್ಟಿ ನೋಡಿ, "ಇದೆಲ್ಲ ಹಳೇ ಸುಣ್ಣ ಸಾರ್, ಸತ್ತುಹೋಗಿದೆ. ನಾಲ್ಕಡಿವರೆಗೆ ಕೆತ್ತಿ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿ ವಾಟರ್‌ಪ್ರೂಫ್ ಕೋಟಿಂಗ್ ಕೊಟ್ರೆ ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಚಿಂತೆಯಿಲ್ಲ" ಅಂದ. ತಾರಸಿ ಮೇಲೆ ಎರಡು ಇಂಚು ಸಿಮೆಂಟ್ ಹಾಸಿ, ಮೇಲೆ ಕೆಮಿಕಲ್ ಬಳಿಯುವುದು. ಒಟ್ಟು 1.85 ಲಕ್ಷ. ಕೊಟ್ಟೆ. ದಸರಾ ಹೊತ್ತಿಗೆ ಗೋಡೆ ನುಣ್ಣಗೆ ಮಿಂಚುತ್ತಿತ್ತು, ಗೊಂಬೆ ಕೂರಿಸಿದೆವು, ಬಂದವರೆಲ್ಲ ಹೊಗಳಿದರು.

ಮರುವರ್ಷದ ಮಳೆಗಾಲದಲ್ಲಿ ಒದ್ದೆ ಮತ್ತೆ ಬಂತು. ಈ ಸಲ ಐದಡಿ ಎತ್ತರದಲ್ಲಿ, ಸಿಮೆಂಟ್ ಮುಗಿದು ಹಳೇ ಗಾರೆ ಶುರುವಾಗುವ ಗೆರೆಗಿಂತ ಮೇಲೆ. ಅಷ್ಟೇ ಅಲ್ಲ, ಹಿಂದಿನ ವರ್ಷ ಒಣಗಿದ್ದ ಒಳಗೋಡೆಗೂ ಹಬ್ಬಿತು. ಕಂಟ್ರಾಕ್ಟರ್ ಫೋನ್ ಎತ್ತುವುದನ್ನು ಬಿಟ್ಟ.

ಕೊನೆಗೆ ಶ್ರೀರಂಗಪಟ್ಟಣದ ಕಡೆಯ ಒಬ್ಬ ಹಿರಿಯ ಗಾರೆ ಕೆಲಸದವರನ್ನು ಹುಡುಕಿ ಕರೆತಂದೆ. ಮೇಸ್ತ್ರಿ ಒಳಗೆ ಬರುವ ಮೊದಲು ಮನೆಯನ್ನು ಹೊರಗಿಂದ ಎರಡು ಸುತ್ತು ಹಾಕಿದರು. ಆಮೇಲೆ ನನ್ನ ನುಣ್ಣನೆ ಗೋಡೆಯ ಮೇಲೆ ಕೈಯಾಡಿಸಿ ಕೇಳಿದರು: "ಒದ್ದೆ ಬಟ್ಟೆನ ಪ್ಲಾಸ್ಟಿಕ್ ಕವರ್‌ನಾಗೆ ಗಂಟು ಕಟ್ಟಿಟ್ರೆ ಒಣಗ್ತದಾ ಸಾ?"

ವಿಷಯ ಇಷ್ಟೇ. ಆ ಕಾಲದ ಎಷ್ಟೋ ಮನೆಗಳಂತೆ ನಮ್ಮ ಮನೆಯ ಗೋಡೆಗೂ ಪಾಯದ ಮೇಲೆ ತೇವ ತಡೆಯುವ ಪದರ ಇರಲಿಲ್ಲ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಇಟ್ಟಿಗೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಆ ತೇವ ಅಲ್ಲಲ್ಲೇ ಆರಿಹೋಗುತ್ತಿತ್ತು. ಸಿಮೆಂಟು, ಅದರ ಮೇಲಿನ ಕೋಟಿಂಗ್ ಸೇರಿ ಆರುವ ದಾರಿ ಮುಚ್ಚಿದವು. ನೀರು ಎಲ್ಲಿಗೆ ಹೋಗಬೇಕು? ಇನ್ನೂ ಮೇಲೆ ಏರಿತು. ನೀರಿನ ಜೊತೆ ಬಂದ ಲವಣ ಮೇಲ್ಮೈಯಲ್ಲಿ ಹರಳುಗಟ್ಟಿ ಬಣ್ಣವನ್ನು ಒಳಗಿಂದ ದೂಡುತ್ತದೆ. ಅಮ್ಮ ಗುಡಿಸುತ್ತಿದ್ದ ಬಿಳಿ ಹಿಟ್ಟು ಅದೇ. ಹಿಂದಿನವರು ಹಾಕಿಸಿದ್ದ ಟೈಲ್ಸ್ ಕೂಡ ಇದೇ ಕೆಲಸ ಮಾಡಿತ್ತು. ನೆಲದ ತೇವ ಟೈಲ್ಸ್ ದಾಟಲಾಗದೆ ಗೋಡೆಯ ಬುಡಕ್ಕೆ ಸರಿದಿತ್ತು. ಒಂದು ಟೈಲ್ ಎಬ್ಬಿಸಿದರೆ ಕೆಳಗೆ ಹಳೇ ಕೆಂಪು ರೆಡ್ ಆಕ್ಸೈಡ್ ನೆಲ, ಟೈಲ್ಸ್ ಹಿಡಿಯಲೆಂದು ಉಳಿಯಲ್ಲಿ ಕೊಚ್ಚಿದ್ದು. ಅದನ್ನು ನೋಡಿ ನನ್ನ ಹೆಂಡತಿ ಅತ್ತಳು. ನನಗೂ ಮಾತು ಹೊರಡಲಿಲ್ಲ.

ಆದರೆ ಇಷ್ಟು ನೀರು ಬರುತ್ತಿರುವುದೆಲ್ಲಿಂದ? ಅದನ್ನು ಹೇಳಿದವರು ಇಂಜಿನಿಯರ್ ಅಲ್ಲ, ಎದುರು ಮನೆಯ ಅಜ್ಜಿ. "ಆ ಮನೆ ಜಗುಲಿಗೆ ಮೂರು ಮೆಟ್ಟಿಲಿತ್ತು ಕಣಪ್ಪ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲೇ ಕೂತು ಹೂ ಕಟ್ತಿದ್ವಿ" ಅಂದರು. ನಾನು ತಿರುಗಿ ನೋಡಿದೆ. ನಮ್ಮ ಬಾಗಿಲ ಮುಂದೆ ಇರುವುದು ಒಂದೇ ಮೆಟ್ಟಿಲು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತ ಹಾಕುತ್ತ ರಸ್ತೆ ಮೇಲೆದ್ದಿದೆ. ಅದಕ್ಕೆ ಸರಿಗಟ್ಟಲೆಂದು ಹಿಂದಿನ ಮಾಲೀಕರು ಅಂಗಳಕ್ಕೆ ಮಣ್ಣು ತುಂಬಿಸಿ ಕಾಂಕ್ರೀಟ್ ಮಾಡಿಸಿದ್ದಾರೆ, ಅದೂ ಇಳಿಜಾರು ಗೋಡೆಯ ಕಡೆಗೆ. ನಮ್ಮ ಗೋಡೆ ಒಂದಡಿಗಿಂತ ಹೆಚ್ಚು ಮಣ್ಣಿನಲ್ಲಿ ಹೂತು ನಿಂತಿತ್ತು. ಮನೆ ನೋಡಲು ಹೋದಾಗ ನಾನು ವಾಸ್ತು, ದಿಕ್ಕು, ಕಾರ್ ನಿಲ್ಲಿಸುವ ಜಾಗ ಎಲ್ಲ ನೋಡಿದ್ದೆ. ಒಳಗಿನ ನೆಲ ರಸ್ತೆಗಿಂತ ಎಷ್ಟು ಎತ್ತರದಲ್ಲಿದೆ ಅಂತ ನೋಡಲಿಲ್ಲ. ಅಕ್ಕಪಕ್ಕದ ಹಿರಿಯರನ್ನು ಒಂದು ಮಾತು ಕೇಳಲಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಆ ಅಜ್ಜಿಯ ಮನೆಯಲ್ಲಿ ಹತ್ತು ನಿಮಿಷ ಕೂತಿದ್ದರೆ ಸಾಕಿತ್ತು.

ತಾರಸಿಯ ಕಥೆ ಇದಕ್ಕಿಂತ ಭಯದ್ದು. ಮೇಸ್ತ್ರಿ ಫಾಲ್ಸ್ ಸೀಲಿಂಗ್‌ನ ಒಂದು ಭಾಗ ಒಡೆಸಿ ಟಾರ್ಚ್ ಬಿಟ್ಟರು. ಏಳು ಜಂತೆಗಳಲ್ಲಿ ಎರಡರ ತುದಿ, ಗೋಡೆಯೊಳಗೆ ಕೂರುವ ಭಾಗ, ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೆ ಇಳಿಯಿತು. ಒದ್ದೆ ಗೋಡೆಯಲ್ಲಿ ಹೂತ ತುದಿಯೇ ಮೊದಲು ಕೊಳೆಯುವುದು. ನಡುಭಾಗ ನೋಡಿ ಮರ ಗಟ್ಟಿಯಿದೆ ಅಂದುಕೊಳ್ಳಬೇಡಿ. ಅಂಥ ಸೂರಿನ ಮೇಲೆ ನಾನು ಹೇರಿದ್ದೇನು? ಎರಡು ಇಂಚು ಸಿಮೆಂಟ್ ಅಂದರೆ ಚದರಡಿಗೆ ಸುಮಾರು ಹತ್ತು ಕೆಜಿ. ನಮ್ಮ ಹಾಲ್ 14ಕ್ಕೆ 18 ಅಡಿ. ಹತ್ತಿರ ಹತ್ತಿರ ಎರಡೂವರೆ ಟನ್. ಅದರ ಕೆಳಗೆ ನನ್ನ ಮಗಳು ಹೋಮ್‌ವರ್ಕ್ ಮಾಡುತ್ತಿದ್ದಳು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆ ಬಿದ್ದದ್ದು ಮೈಸೂರಿನವರಿಗೆ ಮರೆತಿಲ್ಲ. ಆ ರಾತ್ರಿ ನಾವೆಲ್ಲ ಹೆಂಚಿನ ಅಡುಗೆಮನೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದೆವು. ಮಾರನೇ ದಿನವೇ ಕಬ್ಬಿಣದ ತೊಲೆ ಆನಿಸಿ, ಒಂದು ವಾರದಲ್ಲಿ ಮೇಲಿನ ಸಿಮೆಂಟ್ ಕಿತ್ತೆಸೆಸಿದೆ.

ಕರೆಂಟಿನದು ಬೇಗ ಹೇಳಿ ಮುಗಿಸುತ್ತೇನೆ, ಆದರೆ ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬಚ್ಚಲಲ್ಲಿ ಅಮ್ಮ ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದಿತು. "ವಯಸ್ಸಾಯ್ತು, ನರದ ದೌರ್ಬಲ್ಯ" ಅಂದುಕೊಂಡು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಆ ಮಾಡ್ಯುಲರ್ ಸ್ವಿಚ್ ಬೋರ್ಡ್ ಬಿಚ್ಚಿದ. ಹಿಂದೆ ಅಜ್ಜನ ಕಾಲದ ರಬ್ಬರ್ ಹೊದಿಕೆಯ ವೈರು, ರಬ್ಬರ್ ಪುಡಿಪುಡಿ. ಮೂರು ಪಿನ್ನಿನ ಸಾಕೆಟ್‌ನ ಮೂರನೇ ತೂತಿಗೆ ಏನನ್ನೂ ಜೋಡಿಸಿರಲಿಲ್ಲ. ಇಡೀ ಮನೆಗೆ ಅರ್ಥಿಂಗೇ ಇಲ್ಲ. ಅಂಥದ್ದಕ್ಕೆ ಎರಡು ಸಾವಿರ ವಾಟ್‌ನ ಗೀಸರ್. ಪೂರ್ತಿ ವೈರಿಂಗ್ ಬದಲಾಯಿಸಿದೆ, ಇದ್ದಿಲು ಉಪ್ಪು ಹಾಕಿ ಅರ್ಥ್ ಗುಂಡಿ ತೋಡಿಸಿದೆ, ಕರೆಂಟ್ ಸೋರಿದರೆ ತಕ್ಷಣ ತಾನೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿದೆ. ಆರ್‌ಸಿಸಿಬಿಗೆ ಎರಡು ಸಾವಿರ ಚಿಲ್ಲರೆ ಆಯಿತು. ಹಳೇ ಮನೆಗೆ ಹೋಗುವವರು ಹಾಲು ಉಕ್ಕಿಸುವ ಮುಂಚೆ ಅದನ್ನು ಹಾಕಿಸಿ. ಮನೆ ನೋಡುವಾಗ ಒಂದೇ ಒಂದು ಸ್ವಿಚ್ ಬೋರ್ಡ್ ಬಿಚ್ಚಿ ತೋರಿಸಿ ಅನ್ನಿ. ಮಾರುವವರು ಗೊಣಗಿದರೆ ಅಲ್ಲೇ ಉತ್ತರ ಸಿಕ್ಕಿತು.

ಕಾಗದಪತ್ರದ ವಿಷಯದಲ್ಲಿ ನಾನು ಜಾಣ ಅಂದುಕೊಂಡಿದ್ದೆ. 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೆ, ಖಾತಾ ನೋಡಿದ್ದೆ, ಮೂಲ ಪತ್ರಗಳನ್ನು ವಕೀಲರಿಗೆ ತೋರಿಸಿದ್ದೆ. ಆದರೆ ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಕರೆಂಟ್ ಬಾಕಿ, ನೀರಿನ ಬಾಕಿ ಅಲ್ಲಿ ಕಾಣುವುದಿಲ್ಲ. ಮೀಟರ್ ತೀರಿಕೊಂಡ ಒಬ್ಬ ಹಿರಿಯರ ಹೆಸರಲ್ಲಿತ್ತು, ಹೆಸರು ಬದಲಾಯಿಸಲು ಹೋದಾಗ ಹಳೇ ಬಾಕಿ ಹೊರಬಂತು. ನಾನ್ಯಾಕೆ ಕಟ್ಟಲಿ ಅಂತ ವಾದಿಸಿದೆ. ಆಮೇಲೆ ತಿಳಿಯಿತು, ಸರಬರಾಜು ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ಬಾಕಿಯನ್ನು ಕೊಂಡವರಿಂದಲೂ ವಸೂಲು ಮಾಡಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೆಪ್ಪಗೆ ಕಟ್ಟಿ ಬಂದೆ.

ಮಾರಿದವರ ಮೇಲೆ ಕೇಸ್ ಹಾಕಲೇ ಅಂತ ವಕೀಲರನ್ನು ಕೇಳಿದ್ದೂ ಆಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿರುವ ಮತ್ತು ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. "ಸಾಮಾನ್ಯ ಎಚ್ಚರಿಕೆ ಅನ್ನೋ ಮಾತಿದೆಯಲ್ಲ, ಅಲ್ಲೇ ನೀವು ಸಿಕ್ಕಿಹಾಕಿಕೊಳ್ತೀರಿ" ಅಂದರು ವಕೀಲರು. ಎರಡು ಗೋಡೆಗೆ ಕೈಯಿಟ್ಟು ನೋಡಿದ್ದೀರಾ, ಮೇಸ್ತ್ರಿ ಕರೆತಂದಿದ್ದಿರಾ ಅಂತ ಎದುರು ವಕೀಲರು ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕರಾರು ಪತ್ರ ಮಾಡುವಾಗಲೇ ಸೋರಿಕೆ, ಗೆದ್ದಲು, ಬಾಕಿ ಏನೂ ಇಲ್ಲವೆಂದು ಬರೆಸಿಕೊಂಡು, ಒಂದಿಷ್ಟು ಹಣ ಮಳೆಗಾಲ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವ ಷರತ್ತು ಹಾಕಬಹುದಿತ್ತಂತೆ. ಒಪ್ಪುವವರು ಕಡಿಮೆ. ಒಪ್ಪದವರಿಂದ ಕೊಳ್ಳಬೇಕೋ ಬೇಡವೋ ನೀವೇ ಯೋಚಿಸಿ.

ಈಗ ಮಾಡಿರುವುದು ಇಷ್ಟು. ಸಿಮೆಂಟ್ ಪ್ಲಾಸ್ಟರಿಂಗ್ ಪೂರ್ತಿ ಕೆತ್ತಿಸಿದೆ. ಅದು ಬರುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ಅಂಗಳದ ಕಾಂಕ್ರೀಟ್ ಒಡೆಸಿ ಮಣ್ಣು ತೆಗೆಸಿ, ಗೋಡೆಯುದ್ದಕ್ಕೂ ಕಾಲುವೆ ತೋಡಿಸಿ ಜಲ್ಲಿ ತುಂಬಿಸಿದೆ. ಎರಡನೇ ಮೆಟ್ಟಿಲು ಹೊರಗೆ ಬಂದಿದೆ. ಮೂರನೆಯದನ್ನು ತೆಗೆಯಲು ಹೋದರೆ ರಸ್ತೆ ನೀರೆಲ್ಲ ಒಳಗೆ ನುಗ್ಗುತ್ತದೆ, ಹಾಗಾಗಿ ಅದು ನೆಲದಲ್ಲೇ ಇದೆ. ಇದಕ್ಕೆಲ್ಲ 4.60 ಲಕ್ಷ ಆಯಿತು, ಮೊದಲು ಸುರಿದ 1.85 ಲಕ್ಷ ಬಿಟ್ಟು.

ಹೊಸ ಸುಣ್ಣದ ಗಾರೆಯನ್ನು ಮೇಸ್ತ್ರಿ ಕೂಡಲೇ ಹಾಕಲಿಲ್ಲ. ಗೋಡೆಯ ಒಂದಿಂಚು ಒಣಗಲು ಒಂದು ತಿಂಗಳು ಅನ್ನುವುದು ಅವರ ಲೆಕ್ಕ. ನಮ್ಮದು ಹದಿನಾಲ್ಕು ಇಂಚು. ಹಾಗಾಗಿ ವರ್ಷದಿಂದ ಹಾಲ್‌ನ ಗೋಡೆ ಬರೀ ಇಟ್ಟಿಗೆಯಲ್ಲೇ ನಿಂತಿದೆ. ತಿಂಗಳಿಗೊಮ್ಮೆ ಒದ್ದೆಯ ಗೆರೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತಾರೀಕು ಬರೆಯುತ್ತೇನೆ. ಐದಡಿಯಿಂದ ಒಂದೂವರೆ ಅಡಿಗೆ ಇಳಿದಿದೆ. ನೆಂಟರು ಬಂದಾಗ ಅಮ್ಮನಿಗೆ ನಾಚಿಕೆ. ಗುರುತಿನ ಮೇಲೆ ಕ್ಯಾಲೆಂಡರ್ ನೇತುಹಾಕುತ್ತಾಳೆ, ಅವರು ಹೋದ ಮೇಲೆ ನಾನು ತೆಗೆಯುತ್ತೇನೆ. ಮೊನ್ನೆ ಒಬ್ಬ ಪೇಂಟರ್ ಬಾಗಿಲಿಗೆ ಬಂದು, ಹಬ್ಬಕ್ಕೆ ಮುಂಚೆ ಎರಡು ಕೋಟ್ ಹೊಡೆದುಕೊಡ್ತೀನಿ ಸಾರ್, ಗೋಡೆ ಹೀಗಿತ್ತು ಅಂತ ಯಾರಿಗೂ ಗೊತ್ತೇ ಆಗಲ್ಲ ಅಂದ. ಗೊತ್ತಪ್ಪ ಅಂದೆ.